ಕ್ಯಾಮೆರಾ, ಗೂರ್ಖಾ, ಕೀಲಿ, ಎದುರು ಮನೆ ಅಕ್ಕ: ಕಳ್ಳರ ಕಾಟಕ್ಕೆ ಯಾವುದು ಮದ್ದು?

ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಹೊಸ ಬಡಾವಣೆಗಳನ್ನು ನೋಡಿದವರಿಗೆ ನಮ್ಮ ಓಣಿ ಹೇಗಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆ, ಪಕ್ಕದಲ್ಲಿ ಎರಡು ಖಾಲಿ ಸೈಟು, ಸೈಟಿನ ತುಂಬ ಜಾಲಿಕಂಟಿ, ಆಮೇಲೆ ಮತ್ತೊಂದು ಮನೆ. ಬೀದಿದೀಪ ಇವೆ, ಉರಿಯುವುದು ಬಿಡುವುದು ಅವುಗಳ ಮರ್ಜಿ. ಹಿಂದಿನ ಕ್ರಾಸಿನ ಮನೆಯವರು ಮದುವೆಗೆ ಅಂತ ಗದಗಿಗೆ ಹೋದಾಗ ಅವರ ಮನೆ ಒಡೆದರು. ಅಲ್ಲಿಂದ ಶುರುವಾಯಿತು ನೋಡಿ, ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಒಬ್ಬರು ಕ್ಯಾಮೆರಾ ಅಂದರು, ಇನ್ನೊಬ್ಬರು ಗೂರ್ಖಾ ಅಂದರು, ಮತ್ತೊಬ್ಬರು ನಾಯಿ ಮರಿಯನ್ನೇ ತಂದರು. ಹೆಚ್ಚುಕಡಿಮೆ ಎಲ್ಲವನ್ನೂ ನಮ್ಮ ಮನೆಯಲ್ಲೋ ಓಣಿಯಲ್ಲೋ ಮಾಡಿ ನೋಡಿದ್ದಾಯಿತು.

ನಾನು ಪ್ರತಿಯೊಂದಕ್ಕೂ ಹಚ್ಚಿದ ಒರೆಗಲ್ಲು ಒಂದೇ. ಇದು ಕಳ್ಳ ಒಳಗೆ ಬರುವ ಮೊದಲು ಕೆಲಸ ಮಾಡುತ್ತದೋ, ಬಂದು ಹೋದ ಮೇಲೋ?

ಕ್ಯಾಮೆರಾದಿಂದಲೇ ಶುರು ಮಾಡುತ್ತೇನೆ, ಎಲ್ಲರೂ ಮೊದಲು ಓಡುವುದು ಅಲ್ಲಿಗೇ ಅಲ್ವಾ? ನಾವು ಹಾಕಿಸಿದ್ದು ವೈರ್ ಎಳೆಯುವ ಸೆಟ್. 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, ಚಿತ್ರ ರೆಕಾರ್ಡ್ ಮಾಡಿಕೊಳ್ಳುವ ಡಿವಿಆರ್ ಡಬ್ಬಿ ಒಂದು, ಅದರೊಳಗೆ 1 ಟಿಬಿ ಹಾರ್ಡ್ ಡಿಸ್ಕ್. ಕೂಲಿ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಆಯಿತು. ಪಕ್ಕದ ಮನೆಯವರದು ವೈಫೈ ಕ್ಯಾಮೆರಾ, ಮೂರು ಸಾವಿರದ ಒಳಗಿನದು, ಮೆಮೊರಿ ಕಾರ್ಡ್ ಅದರ ಹೊಟ್ಟೆಯಲ್ಲೇ. ಅಂಥದ್ದೇ ಒಂದನ್ನು ತಂದು ನಮ್ಮ ಪೋರ್ಚಿನಲ್ಲೂ ಸಿಕ್ಕಿಸಿದೆ, ಎರಡನ್ನೂ ಪಕ್ಕಪಕ್ಕ ನೋಡೋಣ ಅಂತ.

ವೈರಿನದು ಗಟ್ಟಿ ಆಳು. ನೆಟ್ ಹೋದರೂ ರೆಕಾರ್ಡ್ ಮಾಡುತ್ತಲೇ ಇರುತ್ತದೆ. ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಅಂತ ಇಟ್ಟುಕೊಂಡರೆ ನಾಲ್ಕಕ್ಕೂ ಸೇರಿ ದಿನಕ್ಕೆ ಸುಮಾರು 86 ಜಿಬಿ ಬೇಕು. ಅಂದರೆ 1 ಟಿಬಿ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ರಜೆಗೆ ಮೂರು ವಾರ ಊರಿಗೆ ಹೋಗಿ ಬಂದವರಿಗೆ ಮೊದಲ ವಾರದ ಚಿತ್ರ ಸಿಗುವುದಿಲ್ಲ. ಡಿವಿಆರ್ ಸೆಟ್ಟಿಂಗಿನಲ್ಲಿ ಎಚ್.265 ಅಂತ, ಚಿತ್ರವನ್ನು ಕುಗ್ಗಿಸಿ ಕಡಿಮೆ ಜಾಗದಲ್ಲಿ ಇಡುವ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿಸಿಕೊಳ್ಳಿ, ಹೆಚ್ಚುಕಡಿಮೆ ಎರಡರಷ್ಟು ದಿನ ಬರುತ್ತದೆ. ಹಾಕುವ ಹುಡುಗರು ಇದನ್ನು ತಾವಾಗಿ ಹೇಳುವುದಿಲ್ಲ. ಪಾಸ್‌ವರ್ಡ್ ಬದಲಿಸಿ ಅಂತಲೂ ಹೇಳುವುದಿಲ್ಲ.

ನಮಗೆ ಹಾಕಿದವರು ಕ್ಯಾಮೆರಾವನ್ನು ಗೋಡೆಯ ಸಜ್ಜಾ ಮೇಲೆ, ಹನ್ನೆರಡು ಅಡಿ ಎತ್ತರಕ್ಕೆ ಕೂರಿಸಿದ್ದರು. ಕೈಗೆ ಸಿಗಬಾರದು ಅನ್ನುವ ಲೆಕ್ಕ. ಆದರೆ ಅಷ್ಟು ಮೇಲಿಂದ ಕಾಣುವುದು ಬರೀ ನೆತ್ತಿ. ಹಾಲಿನವನೋ, ನಮ್ಮ ಮಾವನೋ, ಕಳ್ಳನೋ, ಎಲ್ಲರದೂ ಒಂದೇ ತಲೆ. ಎಂಟಡಿಗೆ ಇಳಿಸಿದ ಮೇಲೆ ಮುಖ ಕಾಣತೊಡಗಿತು. ಬೈಕಿನ ನಂಬರ್ ಓದಬಹುದು ಅಂದಿದ್ದರು, ಅದು ಹಗಲಿನ ಮಾತು. ರಾತ್ರಿ ಕ್ಯಾಮೆರಾದ್ದೇ ದೀಪ ಬಿದ್ದು ನಂಬರ್ ಪ್ಲೇಟ್ ಬಿಳಿ ಚೌಕವಾಗಿ ಹೋಗುತ್ತದೆ. ಇನ್ನು ಜೇಡನ ಕಥೆ ಬೇರೆ. ಕ್ಯಾಮೆರಾದ ರಾತ್ರಿ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಒಂದು ಎಳೆ ಗಾಳಿಗೆ ಅಲ್ಲಾಡಿದರೆ ಪರದೆ ಮೇಲೆ ಹಗ್ಗದಷ್ಟು ದಪ್ಪ ಕಾಣುತ್ತದೆ, ವೈಫೈ ಕ್ಯಾಮೆರಾ ರಾತ್ರಿ ಎರಡು ಗಂಟೆಗೆ ‘ಯಾರೋ ಬಂದರು’ ಅಂತ ಫೋನಿಗೆ ಸಂದೇಶ ಕಳಿಸುತ್ತದೆ. ನಾಲ್ಕು ಸಲ ಎದ್ದು ನೋಡಿದವರು ಐದನೇ ಸಲ ಏಳುವುದಿಲ್ಲ. ವಾರಕ್ಕೊಮ್ಮೆ ಕಸಬರಿಗೆ ಆಡಿಸುವುದೊಂದೇ ಇದಕ್ಕೆ ದಾರಿ.

ಆದರೂ ವೈಫೈ ಕ್ಯಾಮೆರಾಕ್ಕೆ ಒಂದು ಗುಣ ಇದೆ. ಬೇರೆ ಊರಿನಲ್ಲಿದ್ದಾಗಲೇ ಅದು ಕೂಗುತ್ತದೆ, ಅಂದರೆ ಕಳ್ಳತನ ನಡೆಯುವ ಹೊತ್ತಿಗೇ ಗೊತ್ತಾಗುವ ಅವಕಾಶ ಇದೆ. ಕರೆಂಟ್ ಹೋದರೆ ಮಾತ್ರ ರೂಟರ್ ಸತ್ತು ಅದೂ ಮಲಗುತ್ತದೆ. ಹೆಸ್ಕಾಂ ಕೃಪೆ ಗೊತ್ತೇ ಇದೆಯಲ್ಲ! ರೂಟರಿಗೂ ಕ್ಯಾಮೆರಾಕ್ಕೂ ಸಣ್ಣ ಯುಪಿಎಸ್ ಹಚ್ಚಲೇಬೇಕು. ವೈರಿನ ಸೆಟ್ಟಿನ ದೊಡ್ಡ ಕೊರತೆ ಡಿವಿಆರ್ ಡಬ್ಬಿ. ಬಹಳ ಮನೆಗಳಲ್ಲಿ ಅದು ಟಿವಿ ಕೆಳಗೆ, ಕಣ್ಣಿಗೆ ಹೊಡೆಯುವ ಹಾಗೆ ಕೂತಿರುತ್ತದೆ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕಿಗೆ ಕನ್ನ ಹಾಕಿದವರು ಕಿಟಕಿಯ ಗ್ರಿಲ್ ತೆಗೆದು ಒಳಗೆ ಹೋಗಿ, ಹದಿನೇಳು ಕೆಜಿಗೂ ಜಾಸ್ತಿ ಚಿನ್ನದ ಜೊತೆ ಡಿವಿಆರನ್ನೂ ಹೊತ್ತೊಯ್ದಿದ್ದರು. ಬ್ಯಾಂಕಿನದೇ ಹಾಗಾದರೆ ನಮ್ಮ ಟಿವಿ ಸ್ಟ್ಯಾಂಡಿನದು ಯಾವ ಲೆಕ್ಕ? ನಮ್ಮದನ್ನು ಈಗ ಅಟ್ಟದ ಮೇಲೆ ಹಳೇ ಟ್ರಂಕಿನ ಹಿಂದೆ ಇಟ್ಟಿದ್ದೇವೆ, ಗಾಳಿ ಆಡುವ ಹಾಗೆ.

ಹೊಸದಾಗಿ ಹಾಕಿಸುವವರು ನನ್ನನ್ನು ಕೇಳಿದರೆ ವೈಫೈದು ಒಂದು ಸಾಕು, ಗೇಟಿನ ಕಡೆಗೆ ಮುಖ ಮಾಡಿ. ಎದುರು ಮನೆಯ ಬಚ್ಚಲ ಕಿಟಕಿ ಅದರಲ್ಲಿ ಕಾಣದ ಹಾಗೆ ನೋಡಿಕೊಳ್ಳಿ. ಕಳ್ಳರಿಗಿಂತ ಮೊದಲು ಓಣಿಯಲ್ಲಿ ಜಗಳ ಹುಟ್ಟುವುದು ಇದರಿಂದ.

ಈಗ ಕಬ್ಬಿಣಕ್ಕೆ ಬರೋಣ. ಹಿಂದಿನ ಕ್ರಾಸಿನ ಆ ಮನೆಯನ್ನು ನಾನು ಹೋಗಿ ನೋಡಿದ್ದೆ. ಕೀಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದು ಕೊಂಡಿಯ ಸಮೇತ, ಮುಚ್ಚಿದ್ದು ಮುಚ್ಚಿದ ಹಾಗೇ, ಹೊಸ್ತಿಲ ಮೇಲೆ ಬಿದ್ದಿತ್ತು. ಚೌಕಟ್ಟಿನಲ್ಲಿ ನಾಲ್ಕು ಸಣ್ಣ ತೂತು ಮಾತ್ರ. ನಮ್ಮ ಮನೆಗೆ ಬಂದ ಬಡಿಗೇರ ನಮ್ಮ ಬಾಗಿಲಿನ ಆಲ್‌ಡ್ರಾಪಿನಿಂದ, ಅಂದರೆ ಕೀಲಿ ಹಾಕುವ ಉದ್ದ ಚಿಲಕದಿಂದ, ಒಂದು ಸ್ಕ್ರೂ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದ. “ಕೀಲಿ ಎಷ್ಟ್ ದೊಡ್ಡದಿದ್ರ ಏನ್ ಬಂತ್ರಿ ಸರ, ಹಿಡ್ಕೊಂಡಿದ್ದು ಈ ಮುಕ್ಕಾಲ್ ಇಂಚ್ ಸ್ಕ್ರೂ. ಒಂದ್ ರಾಡ್ ಹಾಕಿ ಮೀಟಿದ್ರ ಮುಗೀತು.”

ಆತ ಸ್ಕ್ರೂ ತೆಗೆದು, ಬಾಗಿಲಿನ ಆಚೆಯವರೆಗೂ ತೂತು ಕೊರೆದು ಬೋಲ್ಟ್ ಹಾಕಿದ. ನಟ್ಟು ಒಳಗಡೆ. ಹೊರಗಿನಿಂದ ಬಿಚ್ಚಲು ಬರುವುದಿಲ್ಲ. ಸಾಮಾನು, ಕೂಲಿ ಎಲ್ಲಾ ಸೇರಿ ಸಾವಿರದ ಒಳಗೆ ಮುಗಿಯಿತು. ಅದೇ ಹೊತ್ತಿಗೆ ಬಾಗಿಲಿನೊಳಗೇ ಕೂರುವ ಲಾಕ್ ಕೂಡ ಹಾಕಿಸಿದೆವು, ಅದಕ್ಕೆ ಸುಮಾರು ಮೂರು ಸಾವಿರ. ಇವೆರಡರಲ್ಲಿ ಯಾವುದು ಮೇಲು? ತೂಗುವ ಕೀಲಿ ರಸ್ತೆಯಲ್ಲಿ ಹೋಗುವವರಿಗೆಲ್ಲ ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಸಾರಿ ಹೇಳುತ್ತದೆ. ಒಳಲಾಕ್ ಹಾಗೆ ಹೇಳುವುದಿಲ್ಲ. ನನ್ನ ಓಟು ಒಳಲಾಕಿಗೆ. ಆಲ್‌ಡ್ರಾಪಿಗೆ ಬೋಲ್ಟ್ ಮಾತ್ರ ಹೇಗೂ ಇರಲಿ. ಹಿತ್ತಲ ಬಾಗಿಲನ್ನು ಮರೆಯಬೇಡಿ. ಮುಂದಿನದು ಸಾಗವಾನಿ, ಹಿಂದಿನದು ಪ್ಲೈವುಡ್ ಹಲಗೆ, ನಮ್ಮ ಕಡೆ ಎಲ್ಲ ಮನೆಗಳದೂ ಇದೇ ಹಣೆಬರಹ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಕಬ್ಬಿಣದ ಪಟ್ಟಿ ಮಾಡಿಸಿದೆವು. ಇಡೀ ಖರ್ಚಿನಲ್ಲಿ ಅತಿ ಕಡಿಮೆ ದುಡ್ಡಿನ ಕೆಲಸ ಅದು, ನನ್ನ ಪ್ರಕಾರ ಅತಿ ಉಪಯೋಗದ್ದೂ ಅದೇ. ಹತ್ತು ನಿಮಿಷ ಸದ್ದು ಮಾಡಿ ಒಡೆಯಬೇಕಾದ ಬಾಗಿಲನ್ನು ಯಾವ ಕಳ್ಳನೂ ಇಷ್ಟಪಡುವುದಿಲ್ಲ.

ಗೂರ್ಖಾನ ವಿಷಯದಲ್ಲಿ ಓಣಿ ಎರಡು ಹೋಳಾಯಿತು. ಹಳೆಯ ಪದ್ಧತಿ ನಿಮಗೆ ಗೊತ್ತಿರುವುದೇ. ರಾತ್ರಿ ಸೀಟಿ ಊದುತ್ತಾ, ಕೋಲು ಬಡಿಯುತ್ತಾ ಒಂದು ಸುತ್ತು. ತಿಂಗಳು ಹುಟ್ಟಿದ ಕೂಡಲೇ ಮನೆ ಮನೆಗೆ ಬಂದು ನೂರು ರೂಪಾಯಿ. ಏಜೆನ್ಸಿಯ ವಾಚ್‌ಮನ್ ಆದರೆ ಒಂದು ರಾತ್ರಿ ಪಾಳಿಗೇ ತಿಂಗಳಿಗೆ ಹದಿನೈದು ಸಾವಿರದ ಮೇಲೆ ಕೇಳಿದರು. ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಪ್ರಕಾರ ಲೈಸೆನ್ಸ್ ಇರಬೇಕು, ಕಳಿಸುವ ಆಳಿನ ಪೂರ್ವಾಪರ ನೋಡಿರಬೇಕು. ಲೈಸೆನ್ಸ್ ತೋರಿಸಿ ಅಂದಾಗ ಒಂದು ಏಜೆನ್ಸಿಯವರು ಫೋನ್ ಎತ್ತುವುದನ್ನೇ ಬಿಟ್ಟರು! ಇನ್ನೊಂದು ಕಡೆಯಿಂದ ಆಳು ಬಂದ. ಕುರ್ಚಿ ಕೊಟ್ಟೆವು. ಕುರ್ಚಿ ಕೊಟ್ಟ ಮೇಲೆ ನಿದ್ದೆ ಬಾರದೇ ಇರುತ್ತದೆಯೇ? ಕಡೆಗೆ ದುಡ್ಡು ಹೊಂದದೆ ಆತನನ್ನು ಬಿಟ್ಟೆವು. ನಮ್ಮ ಹಳೆಯ ಗೂರ್ಖಾ ಬಹಾದ್ದೂರ್ ಈಗಲೂ ಬರುತ್ತಾನೆ. ಸೀಟಿ ಕೇಳಿ ಕಳ್ಳನಿಗೆ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ ಅನ್ನುವುದು ನಿಜವೇ. ಅದಕ್ಕೇ ಸೀಟಿ ಕಡಿಮೆ ಮಾಡಿ, ಹೊತ್ತು ಬದಲಿಸಿ ಬಾ, ಖಾಲಿ ಸೈಟಿಗೆ ಟಾರ್ಚ್ ಬಿಡು ಅಂತ ಹೇಳಿದ್ದೇವೆ. ಅವನ ಹೆಸರು, ಊರು, ಫೋಟೊ ಠಾಣೆಗೆ ಕೊಟ್ಟಿದ್ದೇವೆ, ಅದು ಅವನಿಗೂ ಒಳ್ಳೆಯದೇ.

ನಾಯಿಮರಿ? ದೊಡ್ಡದಾಯಿತು, ಎಲ್ಲರನ್ನೂ ಪ್ರೀತಿಸುತ್ತದೆ. ಓಣಿಯ ಬೀದಿನಾಯಿಗಳೇ ವಾಸಿ.

ಇನ್ನು ಪುಕ್ಕಟೆ ಉಪಾಯಗಳು. ಇವು ಮೂರು: ಓಣಿಯ ವಾಟ್ಸಾಪ್ ಗ್ರೂಪು, ಠಾಣೆಗೆ ಚೀಟಿ, ಎದುರು ಮನೆ ಅಕ್ಕ.

ಗ್ರೂಪು ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಶುಭೋದಯದ ಗುಲಾಬಿ ಹೂಗಳು. ಆಮೇಲೆ ಕೌದಿ ಮಾರುವವರ, ಗುಜರಿಯವರ ಫೋಟೊ ಹಾಕಿ ‘ಇವರ ಮೇಲೆ ಸಂಶಯ’ ಅಂತ ಶುರುವಾಯಿತು. ನನಗೆ ಇದು ಕಳ್ಳರಿಗಿಂತ ಜಾಸ್ತಿ ಭಯ ಹುಟ್ಟಿಸಿತು. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಗುಂಪು ಹೊಡೆದು, ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತುಹೋದ. ಈಗ ನಮ್ಮಲ್ಲಿ ಯಾರ ಫೋಟೊ ಹಾಕುವ ಹಾಗೂ ಇಲ್ಲ. ಸಂಶಯ ಬಂದವರು 112ಕ್ಕೆ ಫೋನ್ ಮಾಡಬೇಕು, ಆಮೇಲೆ ಬೇಕಾದರೆ ಗ್ರೂಪಿಗೆ.

ಠಾಣೆಗೆ ಚೀಟಿ ಕೊಡುವುದು ಕೆಲಸಕ್ಕೆ ಬಾರದ್ದು ಅಂತ ಬಹಳ ಜನ ಹೇಳಿದ್ದರು. ಹಾಗೇನೂ ಇಲ್ಲ. ಯಾವತ್ತಿನಿಂದ ಯಾವತ್ತಿನವರೆಗೆ ಊರಲ್ಲಿ ಇರುವುದಿಲ್ಲ, ವಿಳಾಸ, ಫೋನ್ ನಂಬರ್, ಇಷ್ಟು ಬರೆದುಕೊಟ್ಟೆವು. ಬೀಟ್ ಪೊಲೀಸರ ನಂಬರ್ ಸಿಕ್ಕಿತು. ರಾತ್ರಿ ಗಸ್ತಿನ ಬೈಕ್ ಗೇಟಿನ ಮುಂದೆ ನಿಂತು ಹೋದದ್ದು ನಮ್ಮದೇ ಕ್ಯಾಮೆರಾದಲ್ಲಿ ಕಂಡಿತು. ಅವರ ಬೀಟಿಗೆ ಎಷ್ಟೋ ಓಣಿ, ಇಡೀ ರಾತ್ರಿ ನಮ್ಮ ಮನೆ ಕಾಯಲು ಆಗುತ್ತದೆಯೇ? ಆದರೂ ಪುಕ್ಕಟೆ ಸಿಗುವುದನ್ನು ಯಾಕೆ ಬಿಡಬೇಕು? ಅಕಸ್ಮಾತ್ ಕಳ್ಳತನ ಆಗಿಯೇಬಿಟ್ಟರೆ ಏನನ್ನೂ ಮುಟ್ಟದೆ 112ಕ್ಕೆ ಫೋನ್ ಮಾಡಿ. ಊರಲ್ಲಿ ಇಲ್ಲದಿದ್ದರೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆನ್‌ಲೈನ್ ದೂರಿಗೆ ಅವಕಾಶ ಇದೆ, 3 ದಿನದೊಳಗೆ ಸಹಿ ಹಾಕಬೇಕು ಅಷ್ಟೇ.

ಎದುರು ಮನೆ ಅಕ್ಕನ ಮುಂದೆ ಇವೆಲ್ಲ ಎರಡನೇ ನಂಬರ್. ನಾವು ಊರಿಗೆ ಹೊರಟರೆ ಅವರ ಕೈಗೆ ಗೇಟಿನ ಕೀಲಿಕೈ. ಬೆಳಿಗ್ಗೆ ತಮ್ಮ ಬಾಗಿಲಿಗೆ ನೀರು ಹಾಕಿದ ಮೇಲೆ ನಮ್ಮ ಗೇಟಿನ ಮುಂದೂ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆಯುತ್ತಾರೆ. ಪೇಪರ್ ಎತ್ತಿಡುತ್ತಾರೆ. ಸಂಜೆ ಪೋರ್ಚಿನ ದೀಪ ಹಾಕಿ ಬೆಳಿಗ್ಗೆ ಆರಿಸುತ್ತಾರೆ. ಹಗಲೂ ಉರಿಯುವ ದೀಪ, ಮೂರು ದಿನದ ಪೇಪರು, ರಂಗೋಲಿ ಇಲ್ಲದ ಬಾಗಿಲು, ಇವನ್ನು ಓದಲು ಕಳ್ಳನಿಗೆ ಯಾವ ಶಾಲೆಯೂ ಬೇಕಿಲ್ಲ. ದೀಪಕ್ಕೆ ಟೈಮರ್ ಸಾಕೆಟ್ ಸಿಗುತ್ತದೆ, ನಾನೂ ತಂದು ನೋಡಿದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಟೈಮರ್ ರಂಗೋಲಿ ಹಾಕುವುದಿಲ್ಲ, “ಯಾರ್ ಬೇಕಾಗಿತ್ರಿ?” ಅಂತ ಕೇಳುವುದೂ ಇಲ್ಲ. ಒಮ್ಮೆ ನಮ್ಮ ಗೇಟಿನ ಹತ್ತಿರ ಸುಮ್ನೆ ನಿಂತಿದ್ದ ಇಬ್ಬರಿಗೆ ಅಕ್ಕ ಮಾಳಿಗೆಯಿಂದಲೇ ಹಾಗೆ ಕೇಳಿದರಂತೆ. ಅವರು ಬೈಕ್ ತಿರುಗಿಸಿ ಹೋದರಂತೆ. ಕಳ್ಳರೋ, ದಾರಿ ತಪ್ಪಿದವರೋ, ದೇವರಿಗೇ ಗೊತ್ತು. ಅಕ್ಕ ಊರಿಗೆ ಹೋದಾಗ ನಮ್ಮದೂ ಇದೇ ಡ್ಯೂಟಿ. ನನ್ನ ರಂಗೋಲಿ ನೋಡಿದರೆ ಕಳ್ಳರಿಗೆ ಸಂಶಯ ಬರಬಹುದು, ಹಾಗಾಗಿ ಆ ಕೆಲಸ ನನ್ನ ಹೆಂಡತಿಯದು.

ಹಗಲಿನ ಕಳ್ಳರ ದಾರಿ ಬೇರೆ. ಮಧ್ಯಾಹ್ನ ಗಂಡಸರು ಇಲ್ಲದಾಗ ಬಂದು ‘ಒಡವೆ ಪಾಲಿಶ್ ಮಾಡಿ ಕೊಡುತ್ತೇವೆ’ ಅನ್ನುವವರು. ಮೊದಲು ಬೆಳ್ಳಿ ಕುಂಕುಮದ ಬಟ್ಟಲು ಹೊಳೆಯಿಸಿ ತೋರಿಸಿ, ಆಮೇಲೆ ಸರ ಕೇಳಿ, ಚಿನ್ನ ಕರಗುವ ಆಮ್ಲದಲ್ಲಿ ಅದ್ದಿ ತೂಕ ಇಳಿಸುತ್ತಾರೆ. ಇದಕ್ಕೆ ವಿಡಿಯೊ ಡೋರ್‌ಬೆಲ್ ತರೋಣವೋ, ಗ್ರಿಲ್ ಬಾಗಿಲು ಮಾಡಿಸೋಣವೋ ಅಂತ ಚರ್ಚೆ ಆಯಿತು. ಡೋರ್‌ಬೆಲ್ ತಂದೆವು. ಅಮ್ಮ ಫೋನ್ ನೋಡುವುದೇ ಇಲ್ಲ, ಬೆಲ್ ಆದರೆ ಸೀದಾ ಹೋಗಿ ಬಾಗಿಲು ತೆರೆಯುತ್ತಾರೆ. ಗ್ರಿಲ್ ಮಾಡಿಸಿದ ಮೇಲೆ ಮಾತುಕತೆ ಎಲ್ಲಾ ಸರಳಿನ ಈಚೆಯಿಂದ. ವಯಸ್ಸಾದವರು ಇರುವ ಮನೆಗೆ ಗ್ರಿಲ್ಲೇ ಸರಿ.

ಕೊನೆಗೆ ಚಿನ್ನ. ಮನೆಯ ತಿಜೋರಿಯೋ, ಬ್ಯಾಂಕ್ ಲಾಕರೋ? ಲಾಕರಿನಲ್ಲಿ ಇಟ್ಟರೆ ಎಲ್ಲದಕ್ಕೂ ಬ್ಯಾಂಕೇ ಹೊಣೆ ಅಂತ ತಿಳಿಯಬೇಡಿ. 2022ರ ಜನವರಿಯಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಳ್ಳತನ, ದರೋಡೆ, ಬೆಂಕಿ, ಸಿಬ್ಬಂದಿಯ ಮೋಸ ಇಂಥದ್ದಕ್ಕೆ ಬ್ಯಾಂಕ್ ಕೊಡುವುದು ವರ್ಷದ ಬಾಡಿಗೆಯ 100 ಪಟ್ಟಿನವರೆಗೆ. 2,000 ರೂಪಾಯಿ ಬಾಡಿಗೆಗೆ 2 ಲಕ್ಷ. 2025ರಲ್ಲೇ 10 ಗ್ರಾಂ ಚಿನ್ನ 1 ಲಕ್ಷ ದಾಟಿತ್ತು, ಲೆಕ್ಕ ನೀವೇ ಹಾಕಿ. ಇಷ್ಟಾದರೂ ನಾವು ಲಾಕರನ್ನೇ ಆರಿಸಿದೆವು. ತಿಜೋರಿಯ ಕೀಲಿಕೈ ಎಲ್ಲಾ ಮನೆಗಳಲ್ಲೂ ಸೀರೆಗಳ ಕೆಳಗೇ ಇರುತ್ತದೆ, ಇದು ನನಗಿಂತ ಕಳ್ಳರಿಗೆ ಚೆನ್ನಾಗಿ ಗೊತ್ತು. ಎಲ್ಲಿ ಇಟ್ಟರೂ ಒಂದೊಂದು ಒಡವೆಯ ಫೋಟೊ ತೆಗೆದು, ತೂಕ ಬರೆದು, ಬಿಲ್ಲಿನ ಜೊತೆ ಮಗನಿಗೋ ಮಗಳಿಗೋ ಕಳಿಸಿಡಿ. ಸಿಕ್ಕ ಮಾಲಿನ ರಾಶಿಯಲ್ಲಿ ನಿಮ್ಮ ಬೋರಮಾಳ ಯಾವುದು ಅಂತ ಗುರುತಿಸಿ ತೋರಿಸಬೇಕಾಗಿ ಬಂದಾಗ ‘ನಮ್ಮದೂ ಇಂಥದ್ದೇ ಇತ್ರಿ’ ಅಂದರೆ ನಡೆಯುವುದಿಲ್ಲ.