ಪ್ರಶ್ನೆಯಿಂದ ಆರಂಭವಾಗುವ ಪ್ರಸಂಗ: ಶಿವಮೊಗ್ಗದ ಬೋಧನಾ ತರಬೇತಿಯ ವಿಮರ್ಶೆ

ಕ್ರೈಸ್ತ ಸಭೆಗಳಲ್ಲಿ ದೇವರ ವಾಕ್ಯವನ್ನು ಬೋಧಿಸುವ, ಅಂದರೆ ಪ್ರಸಂಗ ಮಾಡುವವರಿಗಾಗಿ ಶಿವಮೊಗ್ಗದಲ್ಲಿ ನಡೆದ ಒಂದು ದಿನದ ತರಬೇತಿಗೆ ತೀರ್ಥಹಳ್ಳಿಯಿಂದ ಹೋಗಿದ್ದೆ. ಮುಖ್ಯಾಂಶವನ್ನು ಮೊದಲೇ ಘೋಷಿಸಿ ಮೂರು ಭಾಗಗಳಲ್ಲಿ ವಿವರಿಸುವ ಹಳೆಯ ಕ್ರಮದ ಬದಲು, ಕೇಳುಗರ ಅನುಭವದಿಂದ ಹೊರಟು ಅವರೊಡನೆಯೇ ತೀರ್ಮಾನಕ್ಕೆ ತಲುಪುವ ಕ್ರಮವನ್ನು ಅಲ್ಲಿ ಕಲಿಸಿದರು. ಇದು ಹೊಸದೇನಲ್ಲ, ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಇಬ್ಬರು ಕಂಡೂ ಮುಂದೆ ಹೋದಾಗ ಅವನಿಗೆ ನೆರವಾದ ಸಮಾರ್ಯದವನ ಕಥೆ ಹೇಳಿದ ಯೇಸುಸ್ವಾಮಿ, ಮೂವರಲ್ಲಿ ನೆರೆಯವನು ಯಾರೆಂದು ಕೇಳಿ, ಉತ್ತರವನ್ನು ತಮ್ಮನ್ನು ಪ್ರಶ್ನಿಸಿದ್ದ ಧರ್ಮಶಾಸ್ತ್ರಿಯ ಬಾಯಿಂದಲೇ ಹೊರಡಿಸಿದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಬಿತ್ತುವವನ ಸಾಮ್ಯದ, ಅಂದರೆ ಬಿತ್ತಿದ ಬೀಜಗಳಲ್ಲಿ ಕೆಲವು ಫಲ ಕೊಡದೆ ಹೋಗುವ ಯೇಸುಸ್ವಾಮಿಯ ದೃಷ್ಟಾಂತ ಕಥೆಯ ಅಭ್ಯಾಸ. ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೂ ಕೊಳೆರೋಗಕ್ಕೆ ಅಡಿಕೆ ಉದುರಿದಾಗ ಬೆಳೆಗಾರ ಏನೆಂದು ಪ್ರಾರ್ಥಿಸುತ್ತಾನೆ ಎಂದು ತರಬೇತುದಾರರು ಕೇಳಿದರು. ಎಂದೂ ಬಾಯಿ ತೆರೆಯದ ನಮ್ಮ ಸಭೆಯ ಹಿರಿಯರೊಬ್ಬರು ಆಗ ದೀರ್ಘವಾಗಿ ಮಾತನಾಡಿದರು. ಇಷ್ಟು ವರ್ಷ ಅವರಿಗೆ ಬೋಧಿಸಿದ ನಾವು ಅವರ ಮಾತನ್ನು ಒಮ್ಮೆಯೂ ಕೇಳಿರಲಿಲ್ಲವೆಂದು ನನಗೆ ನಿಜಕ್ಕೂ ದುಃಖವಾಯಿತು.

ಪ್ರಸಂಗ 8 ನಿಮಿಷ ಮೀರಬಾರದೆಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಹೇಳಿದ್ದನ್ನು ನೆನಪಿಸಿ, ಪ್ರತಿಯೊಬ್ಬರಿಗೂ ಬೋಧಿಸಲು ಅಷ್ಟೇ ಸಮಯ ಕೊಟ್ಟರು. ಆದರೆ ಮಧ್ಯಾಹ್ನವಿಡೀ ಪ್ರೊಜೆಕ್ಟರ್ ಬಳಕೆಗೆ ವ್ಯಯಿಸಿದ್ದು ಸರಿಯೆನಿಸಲಿಲ್ಲ. ಮಳೆಗಾಲದಲ್ಲಿ ಆಗಾಗ ಕರೆಂಟು ಹೋಗುವ ನಮ್ಮ ಹಳ್ಳಿಗಳಿಗಾಗಿ ಆ ಹೊತ್ತನ್ನು ವಾಕ್ಯಾಧ್ಯಯನಕ್ಕೆ ಮೀಸಲಿಡಬಹುದಿತ್ತು.