ಕ್ರಾಸ್‌ಬೋ, ಕಾಂಪೌಂಡ್, ರಿಕರ್ವ್: ಜಿಂಕೆಗೆ ಸಿಗುವ ಕಾಲು ಸೆಕೆಂಡು

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬಿಲ್ಲುಬೇಟೆಗೆ ಇಳಿಯುವವರ ನಡುವೆ ಮುಗಿಯದ ಜಗಳವೊಂದಿದೆ: ಬಂದೂಕಿನಂಥ ಹಿಡಿಗೆ ಅಡ್ಡಲಾಗಿ ಬಿಲ್ಲು ಕೂರಿಸಿ, ಟ್ರಿಗರ್ ಒತ್ತಿ ಬಾಣ ಬಿಡುವ ಕ್ರಾಸ್‌ಬೋ ಎಂಬುದು ಬಿಲ್ಲೋ, ಬಂದೂಕಿನ ದಾಯಾದಿಯೋ? ಓಹಾಯೊ 1976ರಲ್ಲೇ ಅದಕ್ಕೆ ಬಾಗಿಲು ತೆರೆಯಿತು. ವಿಸ್ಕಾನ್ಸಿನ್ 2014ರಲ್ಲಿ ಎಲ್ಲ ಬೇಟೆಗಾರರಿಗೂ ಬಿಟ್ಟುಕೊಟ್ಟಿತು. ಒರೆಗಾನ್‌ನಲ್ಲಿ ಅದನ್ನು ಹಿಡಿದು ಬೇಟೆಗೆ ಹೋಗುವಂತಿಲ್ಲ. ಬಿಲ್ಲುಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್ಬಂತೂ ಕ್ರಾಸ್‌ಬೋದಲ್ಲಿ ಹೊಡೆದ ಜಿಂಕೆಯ ಕೊಂಬನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಕ್ರಾಸ್‌ಬೋ, ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್, ತುದಿ ಮುಂದಕ್ಕೆ ಬಾಗಿದ ಸಾದಾ ರಿಕರ್ವ್, ಈ ಮೂರು ಬಗೆಯ ಬಿಲ್ಲನ್ನೂ ಕಾದು ಕೂರುವ ಒಂದೇ ಅಟ್ಟಣೆಯ ಮೇಲೆ ಹಿಡಿದು ನೋಡಿದರೆ, ಜಗಳ ಆಗಬೇಕಾದ ಜಾಗ ಬೇರೆಯೇ ಇದೆ.

ಮೊದಲು ದೂರದ ಮಾತು. 'ಕ್ರಾಸ್‌ಬೋ ನೂರು ಗಜ ಹೊಡೆಯುತ್ತದೆ' ಅನ್ನುವುದು ಗುರಿಹಲಗೆಯ ಮಟ್ಟಿಗೆ ನಿಜ. ಹಲಗೆಗೆ ಕಿವಿ ಇಲ್ಲ. ಜಿಂಕೆ ಹೆದೆಯ ಸದ್ದು ಕೇಳಿದೊಡನೆ ಓಡಲೆಂದು ಮೊದಲು ಕಾಲು ಮಡಚಿ ಕುಗ್ಗುತ್ತದೆ. ಎದೆಗೆ ಬಿಟ್ಟ ಬಾಣ ಬೆನ್ನಿಗೆ ತಾಗುವುದು ಅಥವಾ ಬೆನ್ನ ಮೇಲೆ ಹಾದುಹೋಗುವುದು ಇದರಿಂದಲೇ. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. ಸಾಮಾನ್ಯ ರಿಕರ್ವ್ ಬಾಣ 180, ಬೇಟೆಯ ತೂಕದ ಕಾಂಪೌಂಡ್ ಬಾಣ 280, ಕ್ರಾಸ್‌ಬೋ ಬಾಣ 380 ಅಡಿ. ಲೆಕ್ಕ ಹಾಕಿ ನೋಡಿ: ರಿಕರ್ವ್‌ನಲ್ಲಿ 20 ಗಜ, ಕಾಂಪೌಂಡ್‌ನಲ್ಲಿ 30, ಕ್ರಾಸ್‌ಬೋದಲ್ಲಿ 50. ಮೂರರಲ್ಲೂ ಸದ್ದು ಕಿವಿಗೆ ಬಿದ್ದ ಮೇಲೆ ಬಾಣ ತಲುಪುವವರೆಗೆ ಜಿಂಕೆಗೆ ಸಿಗುವ ಹೊತ್ತು ಕಾಲು ಸೆಕೆಂಡಿನ ಆಸುಪಾಸು. ಅದರ ಮೇಲೆ ಕ್ರಾಸ್‌ಬೋದ ಸದ್ದು ಮೂರರಲ್ಲೇ ಜೋರು. ಹಾಗಾಗಿ 50 ಅನ್ನುವುದು ಕಾಗದದ ಮೇಲಿನ ಮಾತು; 40 ಗಜ ದಾಟಿದರೆ ಬಿಡದಿರುವುದೇ ಲೇಸು.

ಬಾಣ ಬೀಳುವ ಲೆಕ್ಕವೂ ಹೀಗೆಯೇ. 30 ಗಜಕ್ಕೆ ಗುರಿ ಹೊಂದಿಸಿದ ಬಿಲ್ಲಿನಿಂದ 40 ಗಜದ ಜಿಂಕೆಗೆ ಹೊಡೆದರೆ ಕಾಂಪೌಂಡ್ ಬಾಣ ಸುಮಾರು 9 ಇಂಚು ಕೆಳಗೆ ಬೀಳುತ್ತದೆ, ಕ್ರಾಸ್‌ಬೋ ಬಾಣ 5 ಇಂಚು. ಶ್ವಾಸಕೋಶ ಮತ್ತು ಹೃದಯದ ಜಾಗ ಸುಮಾರು 8 ಇಂಚು ಅಗಲ, ಅಂದರೆ ನಡುವಿನಿಂದ ಕೆಳಕ್ಕೆ ಇರುವುದು ನಾಲ್ಕೇ ಇಂಚು. ಎರಡೂ ತಪ್ಪಿದವು. ದುರ್ಬೀನು ಕೂರಿಸಿದ್ದೇವೆ ಎಂದು ದೂರ ಅಳೆಯುವ ರೇಂಜ್‌ಫೈಂಡರ್ ಮನೆಯಲ್ಲಿ ಬಿಟ್ಟುಬರುವವರು ಎಡವುವುದು ಇಲ್ಲೇ.

ಹಾಗಾದರೆ ಕ್ರಾಸ್‌ಬೋದಿಂದ ನಿಜವಾಗಿ ಸಿಗುವುದೇನು? ಹೆದೆ ಎಳೆಯುವ ಗಳಿಗೆ ಇಲ್ಲವಾಗುತ್ತದೆ. ಕಾಂಪೌಂಡ್‌ನಲ್ಲಿ ಜಿಂಕೆ 20 ಗಜದೊಳಗೆ ಬಂದಾಗ, ಅದರ ಕಣ್ಣು ಮರದ ಮರೆಯಾದ ಆ ಒಂದೆರಡು ಸೆಕೆಂಡಿನಲ್ಲಿ 60–70 ಪೌಂಡ್ ಎಳೆಯಬೇಕು. ಬೇಗ ಎಳೆದರೆ ತೋಳು ನಡುಗುವವರೆಗೆ ಕಾಯಬೇಕು, ತಡವಾದರೆ ಜಿಂಕೆ ನೋಡಿಬಿಡುತ್ತದೆ. ಪೂರ್ತಿ ಎಳೆದ ಮೇಲೆ ರಾಟೆ ಇಳಿಸಿಕೊಡುವ ಭಾರ, ಅಂದರೆ ಲೆಟ್‌ಆಫ್, ಶೇ. 80 ಇದ್ದರೆ 70 ಪೌಂಡಿನ ಬಿಲ್ಲನ್ನು ಹಿಡಿದಿಡಲು 14 ಪೌಂಡ್ ಸಾಕು. ಆದರೂ ಚಳಿಯಲ್ಲಿ ಎರಡು ತಾಸು ಕೂತ ಭುಜಕ್ಕೆ ಮೊದಲ ಎಳೆತವೇ ಕಷ್ಟ. ರಿಕರ್ವ್‌ಗೆ ಆ ರಿಯಾಯಿತಿಯೂ ಇಲ್ಲ, 45 ಪೌಂಡೂ ಬೆರಳ ಮೇಲೇ. ಕ್ರಾಸ್‌ಬೋವನ್ನು ನಸುಕಿನಲ್ಲೇ ಹೆದೆ ಏರಿಸಿ ಮಡಿಲಲ್ಲಿಟ್ಟುಕೊಂಡು ಕೂತರೆ ಮುಗಿಯಿತು. ವಾದ ಮಾಡುವುದಾದರೆ ಇದರ ಮೇಲೆ ಮಾಡಬೇಕು, ವೇಗದ ಮೇಲಲ್ಲ.

ಕ್ರಾಸ್‌ಬೋ ಸುಲಭ, ಆದರೆ ಸಾಧು ಅಲ್ಲ. ಕೈಯಿಂದಲೇ ಹೆದೆ ಏರಿಸಿದರೆ ಒಂದು ಪಕ್ಕ ತುಸು ಹೆಚ್ಚು ಎಳೆದು ಬಾಣ ಎಡಕ್ಕೋ ಬಲಕ್ಕೋ ಹೋಗುತ್ತದೆ. ಹೆದೆ ಏರಿಸುವ ಹಗ್ಗದ ಸಾಧನ (ಕಾಕರ್) ಬಳಸಿದರೆ ಎರಡೂ ಕಡೆ ಸಮ, ಎಳೆಯುವ ಭಾರವೂ ಅರ್ಧ. ಮುಂಗೈಯ ಹೆಬ್ಬೆರಳು ಬಾಣ ಕೂರುವ ಹಳಿಯ (ರೈಲ್) ಮಟ್ಟಕ್ಕಿಂತ ಮೇಲೆ ಬಂದರೆ ಹೆದೆ ಅದನ್ನು ಕತ್ತರಿಸಿಬಿಡುತ್ತದೆ, ಹೆದರಿಸಲು ಹೇಳುವ ಮಾತಲ್ಲ. ಹೆದೆಗೆ ಕೂರುವ ಬಾಣದ ಹಿಂತುದಿ (ನಾಕ್) ತಯಾರಕರು ಹೇಳಿದ್ದೇ ಇರಬೇಕು. ತಪ್ಪಿದರೆ ಹೆದೆ ಬಾಣದ ಮೇಲೆ ಹಾರಿ, ಬರಿ ಬಿಲ್ಲು ಬಿಟ್ಟಂತಾಗಿ ಬಿಲ್ಲಿನ ತೋಳು ಸೀಳುತ್ತದೆ. ಬಿಡುವಾಗ ಬಿಲ್ಲಿನ ತೋಳಿನ ತುದಿ ಅಗಲಕ್ಕೆ ಚಿಮ್ಮುವುದರಿಂದ ಕೊಂಬೆ, ಅಟ್ಟಣೆಯ ಕಂಬಿ ಪಕ್ಕದಲ್ಲಿರಬಾರದು. ಅಟ್ಟಣೆಗೆ ಹಗ್ಗದಲ್ಲಿ ಎಳೆದುಕೊಳ್ಳುವಾಗ ಹೆದೆ ಇಳಿದಿರಲಿ, ಬಾಣ ಬತ್ತಳಿಕೆಯಲ್ಲಿರಲಿ. ಎರಡನೇ ಬಾಣದ ಆಸೆ ಬೇಡ: ಮತ್ತೆ ಹೆದೆ ಏರಿಸುವ ಗದ್ದಲಕ್ಕೆ ಯಾವ ಜಿಂಕೆಯೂ ನಿಲ್ಲುವುದಿಲ್ಲ.

ಕಾಂಪೌಂಡ್‌ನ ತೊಂದರೆಗಳು ಚಿಕ್ಕವು, ಆದರೆ ಸದಾ ಇರುವಂಥವು. ಹೊಸ ಹೆದೆ ಹಿಗ್ಗಿ, ಗುರಿ ನೋಡಲು ಅದರಲ್ಲಿ ಕೂರಿಸಿದ ಸಣ್ಣ ಬಳೆ (ಪೀಪ್) ತಿರುಗುತ್ತದೆ, ದಪ್ಪ ಜಾಕೆಟ್ಟಿನ ತೋಳಿಗೆ ಹೆದೆ ಉಜ್ಜುತ್ತದೆ. ಬೇಟೆಯ ಅಲಗಿನ ಮೊನೆ (ಬ್ರಾಡ್‌ಹೆಡ್) ಹಾಕಿ ಅಭ್ಯಾಸ ಮಾಡದೆ ಕಾಡಿಗೆ ಹೋಗಬೇಡಿ. ಬರಿ ಮೊನೆಯ ಬಾಣ ಬಿದ್ದ ಜಾಗದಲ್ಲೇ ಅದೂ ಬೀಳುತ್ತದೆಂಬ ಖಾತ್ರಿಯಿಲ್ಲ. ರಿಕರ್ವ್‌ಗೆ ರೆಕ್ಕೆ ಬಿಚ್ಚುವ ಮೆಕ್ಯಾನಿಕಲ್ ಮೊನೆ ಹಾಕುವುದು ದಂಡ. ರೆಕ್ಕೆ ಬಿಚ್ಚಲೇ ಅದರ ಕಸುವು ಖರ್ಚಾಗುತ್ತದೆ.

ಇನ್ನು ನ್ಯಾಯದ ಬೇಟೆ. 1887ರಲ್ಲಿ ಹುಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಹೇಳುವುದಿಷ್ಟು: ಪ್ರಾಣಿ ಸ್ವತಂತ್ರವಾಗಿ ತಿರುಗುವಂಥದ್ದಾಗಿರಬೇಕು, ಬೇಟೆಗಾರನಿಗೆ ಅನುಚಿತ ಅನುಕೂಲ ಇರಬಾರದು. ಆ ಅಳತೆಗೋಲಿನಲ್ಲಿ ಕ್ರಾಸ್‌ಬೋಗಿಂತ ದೊಡ್ಡ ಅಪರಾಧಿಗಳಿವೆ. ಮುಸುಕಿನ ಜೋಳ ಸುರಿದು ಕಾಯುವುದು, ಫೋನಿಗೆ ಆಗಿಂದಾಗ್ಗೆ ಚಿತ್ರ ಕಳಿಸುವ ಕ್ಯಾಮೆರಾ, ಎತ್ತರದ ಬೇಲಿಯೊಳಗಿನ ಜಿಂಕೆ. ಅರಿಜೋನಾ 2022ರಿಂದ ಬೇಟೆಗೆ ಟ್ರೇಲ್ ಕ್ಯಾಮೆರಾ (ಕಾಡಿನಲ್ಲಿ ಕಟ್ಟಿಟ್ಟು ಪ್ರಾಣಿಯ ಚಿತ್ರ ತೆಗೆಯುವಂಥದ್ದು) ನಿಷೇಧಿಸಿದೆ. ಗೇಲಿ ಏನೆಂದರೆ, ಬಿಲ್ಲುಬೇಟೆಯವರೆಲ್ಲ ಕಾದು ಕೂರುವುದು ಗಂಡು ಜಿಂಕೆ ಬೆದೆಯಲ್ಲಿ ಮೈಮರೆತು ಓಡಾಡುವ ನವೆಂಬರಿಗೆ. ಕಿಂದಮ ಮುನಿ ಪಾಂಡುವನ್ನು ಶಪಿಸಿದ್ದು ಜಿಂಕೆಯನ್ನು ಹೊಡೆದದ್ದಕ್ಕಲ್ಲ, ಹೊಡೆದ ಹೊತ್ತಿಗೆ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಯಾವ ಬಿಲ್ಲಿನಿಂದಲೂ ಜಿಂಕೆ ಹೊಡೆಯುವಂತಿಲ್ಲ. ಇದೆಲ್ಲ ಅಮೆರಿಕದಲ್ಲಿ ನೆಲೆಸಿ ಪರವಾನಗಿ ಪಡೆದವರಿಗೆ. ಅಭ್ಯಾಸಕ್ಕೆ ಮೂರೇ ವಾರ ಇದ್ದರೆ, ಭುಜದ ನೋವಿದ್ದರೆ ಕ್ರಾಸ್‌ಬೋ ತೆಗೆದುಕೊಳ್ಳಿ, 35 ಗಜಕ್ಕೆ ನಿಲ್ಲಿಸಿ. ಬೇಸಿಗೆಯಿಡೀ ವಾರಕ್ಕೆ ಮೂರು ದಿನ ಹೊಡೆಯುವ ಪುರುಸೊತ್ತಿದ್ದರೆ ಕಾಂಪೌಂಡ್. ರಿಕರ್ವ್ ಹಿಡಿಯುವವರು ಒಂದು ಬೇಟೆಗಾಲ ಬರಿಗೈಲಿ ಮರಳಲು ತಯಾರಿರಬೇಕು.

ಬಾಣ ತಾಗಿದ ಮೇಲೆ ಮೂರಕ್ಕೂ ಒಂದೇ ಕ್ರಮ. ನೊರೆ ನೊರೆಯಾದ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಅರ್ಧ ತಾಸು ಕಾಯಿರಿ. ಕಡುಗೆಂಪಾದರೆ ಯಕೃತ್ತು, ನಾಲ್ಕರಿಂದ ಆರು ತಾಸು. ಬಾಣದ ಮೇಲೆ ಹಸಿರು ಮೆತ್ತಿ ನಾತ ಬಂದರೆ ಹೊಟ್ಟೆಗೆ ಬಿದ್ದಿದೆ. ಎಂಟು ತಾಸಿನ ಮೊದಲು ಹಿಂಬಾಲಿಸಿದರೆ ಮಲಗಿದ ಜಿಂಕೆ ಎದ್ದು ಕೈಗೆ ಸಿಗದಷ್ಟು ದೂರ ಹೋಗುತ್ತದೆ.