ಗಲ್ಲೆಯಲ್ಲಿ ಕೂತವರು ಯಾರು?

ಟೀ ಶಾಪ್ ಎಂಬ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಸರಣಿಯ 1, 2, 3, ಮೂರೂ ಸೇರಿ 870 ರೂಪಾಯಿ ಎಂದು ಆನ್‌ಲೈನಲ್ಲಿ ಕಂಡಾಗ ಹಿಂದೆಮುಂದೆ ನೋಡದೆ ತರಿಸಿದೆ. ಕಟ್ಟು ಬಿಚ್ಚಿದರೆ ಒಂದನೆಯದು ಉಂಟು, ಉಳಿದೆರಡು ಎಲ್ಲೋ ನಡುವಿನವು. ಕೇಳಿದರೆ ಹಳೆ ಪುಸ್ತಕ ವಾಪಸ್ ಇಲ್ಲವಂತೆ. ದುಡ್ಡು ನೀರಲ್ಲಿ ಹೋಮ ಆಯಿತು ಎಂಬ ಸಿಟ್ಟಿನಲ್ಲೇ ಮುಂದಿನ ಸಲ ಮಂಗಳೂರಿಗೆ ಹೋದಾಗ ಚಹಾ ಅಂಗಡಿಯ ವೆರಾ ವಾಂಗ್ ಎಂಬವಳ ಕತೆಯನ್ನು 499 ಕೊಟ್ಟು ಹೊಸದೇ ತಂದೆ. ಅಷ್ಟರಲ್ಲಿ ನಾದಿನಿ ಬೆಂಗಳೂರಿನಿಂದ ಬರುವಾಗ ಬೇಕರಿ ನಡೆಸುವ ಹ್ಯಾನಾ ಸ್ವೆನ್ಸನ್ ಕತೆಯ ಮೊದಲ ಪುಸ್ತಕ ತಂದಿದ್ದಳು. ಮೂರು ಕಡೆಯೂ ಅಂಗಡಿಯವಳೇ ಪತ್ತೇದಾರಿ. ನಾನೂ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಒಂದು ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡವಳು. ಬಟ್ಟೆ ಅಳೆಯುವಾಗ ಬೇಕಾದವರಿಗೆ ನಾಲ್ಕು ಬೆರಳು ಹೆಚ್ಚು ಬಿಡುತ್ತೇವಲ್ಲ, ಇಲ್ಲಿ ವೆರಾಳಿಗೆ ಅಷ್ಟು ಬಿಟ್ಟಿದ್ದೇನೆ. ಗೊತ್ತಿದ್ದೇ ಓದಿ.

ನನ್ನ ಅಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವಳು. ಆತನಿಗೆ ಅಂಗಡಿ ಇಲ್ಲ, ಪತ್ತೆ ಮಾಡುವುದೇ ಕೆಲಸ. ಈ ಪುಸ್ತಕಗಳು ಬೇರೆ ಜಾತಿಯವು. ರಕ್ತ ಕಣ್ಣಿಗೆ ಬೀಳುವುದಿಲ್ಲ, ಊರೋ ಕೇರಿಯೋ ಸಣ್ಣದು, ಎಲ್ಲರಿಗೂ ಎಲ್ಲರ ಗುರುತು ಉಂಟು. ಬಾಗಿಲು ತೆರೆದು ಕೂತ ಅಂಗಡಿಯವಳ ಎದುರು ಜನ ಗೋಡೆಯ ಎದುರು ಮಾತಾಡಿದ ಹಾಗೆ ಮಾತಾಡುತ್ತಾರೆ. ಇದು ಮಾತ್ರ ನೂರಕ್ಕೆ ನೂರು ಸತ್ಯ. ಲೈನಿಂಗ್ ಬಟ್ಟೆ ಹರಿಯುವಷ್ಟು ಹೊತ್ತಲ್ಲಿ ಯಾರ ಮನೆಯ ಸಂಬಂಧ ಮುರಿಯಿತು, ಯಾರ ಅಡಕೆ ತೋಟ ಅಡಮಾನಕ್ಕೆ ಬಿತ್ತು ಎಂಬುದೆಲ್ಲ ನನಗೆ ಗೊತ್ತಾಗಿರುತ್ತದೆ. ಪೊಲೀಸರು ಆರು ತಿಂಗಳು ಅಲೆದರೂ ಅಷ್ಟು ಸಿಗಲಿಕ್ಕಿಲ್ಲ.

ನನ್ನ ಮಟ್ಟಿಗೆ ಎಲ್ಲವೂ ಎಡವುವುದು ಒಂದೇ ಕಡೆ. ಇವಳು ಕೊಲೆಗಾರನನ್ನು ಹುಡುಕಿಕೊಂಡು ಹೋದಾಗ ಗಲ್ಲೆಯಲ್ಲಿ ಕೂತವರು ಯಾರು?

ಗಲ್ಲೆ ಬಿಟ್ಟು ಏಳುವುದೆಂದರೆ ಏನು ಅಂತ ಅಂಗಡಿ ಇಲ್ಲದವರಿಗೆ ತಿಳಿಯದು. ಕಳೆದ ವರ್ಷ ಬ್ಯಾಂಕಿಗೆ ಹೋಗಲಿಕ್ಕಿತ್ತು. ಬರೀ 20 ನಿಮಿಷ. ಭಾವನ ಮಗನನ್ನು ಕೂರಿಸಿ ಹೋದೆ. ಆಗಲೇ ಒಬ್ಬರು ರಾಮಾ ಗ್ರೀನ್ ಸೀರೆ ತಂದರಂತೆ, ಫಾಲ್ಸ್ ಬೇಕು ಅಂತ. ಸೀರೆಯ ಅಂಚನ್ನು ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ತನಕ ಬಂದು, ಬಿಸಿಲಿನ ಬೆಳಕಲ್ಲಿ ಬಣ್ಣ ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ರಾಮಾ ಗ್ರೀನೂ ಪೀಕಾಕೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಹುಡುಗನಿಗೆ ಅದೆಲ್ಲ ಎಲ್ಲಿ ಗೊತ್ತು, ಒಳಗೇ ನಿಂತು ಪೀಕಾಕ್ ಕೊಟ್ಟ. ಹೊಲಿದು ಆಯಿತು. ಮದುವೆಯ ಚಪ್ಪರದಲ್ಲಿ ನಡೆಯುವಾಗ ಸೀರೆಯ ಅಂಚಿಗೆ ನೀಲಿ ಪಟ್ಟಿ ಇಣುಕಿತು. ಮರುದಿನ ಅವರು ಬಂದು ಜಗಳ ಮಾಡಲಿಲ್ಲ, “ನೀವು ಕೂತಿದ್ರೆ ಹೀಗೆ ಆಗ್ತಿತ್ತಾ ಅಕ್ಕಾ?” ಎಂದು ಕೇಳಿ ಹೋದರು. ಆಮೇಲೆ ನಾಲ್ಕು ತಿಂಗಳು ಈ ಕಡೆ ಮುಖ ಹಾಕಲಿಲ್ಲ.

ಇಷ್ಟು ಅನುಭವಿಸಿದವಳು ಥಿಯೊಡೋಸಿಯಾ ಬ್ರೌನಿಂಗಳ ಕತೆ ಓದಿದರೆ ಹೊಟ್ಟೆ ಉರಿಯದೆ ಇರುತ್ತದೆಯೆ! ಲಾರಾ ಚೈಲ್ಡ್ಸ್ ಬರೆದ, 2001ರಲ್ಲಿ ಬಂದ ‘ಡೆತ್ ಬೈ ಡಾರ್ಜೀಲಿಂಗ್’ ಟೀ ಶಾಪ್ ಸರಣಿಯ ಒಂದನೆಯದು. ಅಮೆರಿಕದ ಚಾರ್ಲ್ಸ್‌ಟನ್ ಊರಿನ ಚರ್ಚ್ ಸ್ಟ್ರೀಟಿನಲ್ಲಿ ಅವಳ ಇಂಡಿಗೋ ಟೀ ಶಾಪ್. ಹಳೆಯ ಮನೆಗಳನ್ನು ತೋರಿಸುವ ಒಂದು ಕಾರ್ಯಕ್ರಮದಲ್ಲಿ ಇವಳ ಅಂಗಡಿಯ ಚಹಾ ಇಟ್ಟಿದ್ದಾಗ, ಕಪ್ಪು ಎದುರಿಟ್ಟುಕೊಂಡೇ ಒಬ್ಬ ಸತ್ತಿರುತ್ತಾನೆ. ಆರಂಭ ಚೆನ್ನಾಗುಂಟು, ಅಂಗಡಿಯ ಹೆಸರು ಹೋದರೆ ಎಲ್ಲವೂ ಹೋಯಿತು ಎಂಬ ಹೆದರಿಕೆ ನನಗೂ ತಾಗಿತು. ಆದರೆ ಆಮೇಲೆ? ಚಹಾದ ಮರ್ಮ ಬಲ್ಲ ಡ್ರೇಟನ್ ಒಬ್ಬ, ಬೇಯಿಸಲಿಕ್ಕೆ ಹೇಲಿ ಒಬ್ಬಳು. ಇಬ್ಬರಿಗೆ ಅಂಗಡಿ ಒಪ್ಪಿಸಿ ಇವಳು ಹೊರಟೇ ಬಿಡುತ್ತಾಳೆ. ಅರ್ಲ್ ಗ್ರೇ ಎಂಬ ನಾಯಿಯನ್ನು ಕಟ್ಟಿಕೊಂಡು ಓಡಲಿಕ್ಕೂ ಪುರುಸೊತ್ತುಂಟು. ಒಂದು ದಿನವಾದರೂ ಚಿಲ್ಲರೆ ಲೆಕ್ಕ ತಪ್ಪಬಾರದೆ? ಒಬ್ಬ ಗಿರಾಕಿಯಾದರೂ ಅವಳನ್ನೇ ಕೇಳಿ, ಇಲ್ಲವೆಂದು ತಿರುಗಿ ಹೋಗಬಾರದೆ? ನಾನು ಓದಿದ ಮೂರರಲ್ಲೂ ಅಂಥದ್ದು ಕಾಣಲಿಲ್ಲ. ಪ್ರತಿ ಅಧ್ಯಾಯದಲ್ಲೂ ಮೇಜಿನ ಹಾಸು, ಕಪ್ಪುಬಸಿ, ಹೂವು ಮಾತ್ರ ಅಚ್ಚುಕಟ್ಟಾಗಿ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ವರ್ಣನೆಗೆ ಡಿಕ್ಷನರಿ ಬೇಕಾಯಿತು, ಕೊಲೆಗೆ ಬೇಕಾಗಲಿಲ್ಲ.

ನಡುವಿನ ಪುಸ್ತಕ ಹಿಡಿದರೂ ಕತೆ ಅರ್ಥವಾಗುತ್ತದೆ, ಅದು ನಿಜ. ಹಾಗಾಗಿ ಮಾರಿದವರ ಮೇಲಿನ ಸಿಟ್ಟು ಅರ್ಧ ಇಳಿದಿದೆ.

ಹ್ಯಾನಾ ಸ್ವೆನ್ಸನ್ ಇದಕ್ಕಿಂತ ಮೇಲು. ಜೋಆನ್ ಫ್ಲೂಕ್ 2000ದಲ್ಲಿ ಶುರು ಮಾಡಿದ ಸರಣಿ, ಮಿನೆಸೋಟದ ಲೇಕ್ ಈಡನ್ ಎಂಬ ಕಲ್ಪನೆಯ ಊರು, ಕುಕೀ ಜಾರ್ ಎಂಬ ಬೇಕರಿ. ಹಾಲು ತರುವವನು ಇವಳ ಬೇಕರಿಯ ಹಿಂದೆಯೇ ಗುಂಡೇಟಿಗೆ ಸತ್ತಿರುತ್ತಾನೆ. ತಂಗಿಯ ಗಂಡನೇ ಪೊಲೀಸು, ಊರಿನವರು ಇವಳ ಹತ್ತಿರ ಬಾಯಿ ಬಿಡುತ್ತಾರೆ ಅಂತ ಅವನಿಗೂ ಗೊತ್ತು. ಇಲ್ಲಿಯೂ ಗಲ್ಲೆಗೆ ಲೀಸಾ ಎಂಬ ಹುಡುಗಿ ಇದ್ದಾಳೆ, ಆದರೆ ಹ್ಯಾನಾ ಬೆಳಗ್ಗೆ ಬೇಗ ಎದ್ದು ಹಿಟ್ಟು ಕಲಸಿ ಬೇಯಿಸಿಟ್ಟು ಹೋಗುತ್ತಾಳೆ. ಅಷ್ಟು ಮರ್ಯಾದೆಯಾದರೂ ಉಂಟಲ್ಲ.

ಕತೆಯ ನಡುನಡುವೆ ಅಡುಗೆಯ ಕ್ರಮ ಬರೆದಿದ್ದಾರೆ. ಕಾರ್ನ್‌ಫ್ಲೇಕ್ಸ್ ಪುಡಿ ಮಾಡಿ ಹಾಕುವ ಚಾಕ್ಲೇಟ್ ಬಿಸ್ಕತ್ತು ಒಂದುಂಟು. ನಮ್ಮಲ್ಲಿ ಓವನ್ ಇಲ್ಲ, ಕುಕ್ಕರಿಗೆ ಉಪ್ಪು ಹಾಕಿ ಕಾಯಿಸಿ ಮಾಡಿದೆ. ತಳ ಕರಟಿತು, ಮೇಲೆ ಹಸಿ. ಅತ್ತೆ ಒಂದನ್ನು ಕಚ್ಚಿ ನೋಡಿ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿಯಾದರೂ ಇದಕ್ಕಿಂತ ಮೆತ್ತಗೆ ಎಂದರು. ಇನ್ನು ಹ್ಯಾನಾಳಿಗೆ ಇಬ್ಬರು ಗಂಡಸರ ನಡುವೆ ಯಾರನ್ನು ಒಪ್ಪುವುದು ಎಂಬ ಗೊಂದಲ ಪುಸ್ತಕದಿಂದ ಪುಸ್ತಕಕ್ಕೆ ಎಳೆಯುತ್ತಲೇ ಹೋಗುತ್ತದೆಯಂತೆ. ನಾದಿನಿ ಹೇಳಿದ್ದು. ನಾನು ಒಂದಕ್ಕೇ ನಿಲ್ಲಿಸಿದೆ.

ಈಗ ವೆರಾ. ಜೆಸ್ಸಿ ಕ್ಯೂ. ಸುಟಾಂಟೊ 2023ರಲ್ಲಿ ತಂದ ‘ವೆರಾ ವಾಂಗ್ಸ್ ಅನ್‌ಸಾಲಿಸಿಟೆಡ್ ಅಡ್ವೈಸ್ ಫಾರ್ ಮರ್ಡರರ್ಸ್’. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಅರುವತ್ತು ವರ್ಷದ ಈ ಹೆಂಗಸಿನ ಚಹಾ ಅಂಗಡಿ. ಬೋರ್ಡಿನಲ್ಲಿ ಜಗತ್ಪ್ರಸಿದ್ಧ ಅಂತ ಬರೆದುಂಟು, ನಿತ್ಯದ ಗಿರಾಕಿ ಒಬ್ಬ ಮುದುಕ ಮಾತ್ರ. ಒಂದು ಬೆಳಗ್ಗೆ ಕೆಳಗೆ ಬಂದರೆ ನೆಲದಲ್ಲಿ ಹೆಣ. ಪೊಲೀಸರಿಗೆ ಫೋನ್ ಮಾಡಿ ಸುಮ್ಮನೆ ಕೂರುವುದು ಬಿಟ್ಟು, ಅವರಿಗೆ ಉಪಕಾರವಾಗಲಿ ಎಂದು ಮಾರ್ಕರ್ ಪೆನ್ನಿನಲ್ಲಿ ಹೆಣದ ಸುತ್ತ ಗೆರೆ ಎಳೆಯುತ್ತಾಳೆ, ಸತ್ತವನ ಕೈಯಲ್ಲಿದ್ದ ಪೆನ್‌ಡ್ರೈವ್ ತಾನೇ ಇಟ್ಟುಕೊಳ್ಳುತ್ತಾಳೆ. ಇಲ್ಲಿ ನಾನು ನಕ್ಕದ್ದಕ್ಕೆ ಎದುರಿಗಿದ್ದ ಗಿರಾಕಿ ಅಳತೆ ತಪ್ಪಿತೋ ಎಂದು ಹೆದರಿದರು.

ಮುಖ್ಯ ಸಂಗತಿ ಏನೆಂದರೆ, ಅವಳು ಹುಡುಕಿಕೊಂಡು ಹೋಗುವುದಿಲ್ಲ. ಕೊಂದವನು ಅಂಗಡಿಗೆ ಬಂದೇ ಬರುತ್ತಾನೆ ಎಂದು ಕಾಯುತ್ತಾಳೆ. ಸಂಶಯಪಡಬಹುದಾದ ನಾಲ್ವರು ಬರುತ್ತಾರೆ, ನಾಲ್ವರಿಗೂ ಚಹಾ, ಊಟ, ಬುದ್ಧಿವಾದ. ಬೇಡ ಎಂದರೂ ಬಡಿಸುತ್ತಾಳೆ. ಮಗನಿಗೆ ಬೆಳಗಾಗುವ ಮೊದಲೇ ಏಳು ಎಂದು ಮೆಸೇಜು ಕಳಿಸುತ್ತಾಳೆ. ನಮ್ಮ ಕಡೆಯ ದೊಡ್ಡಮ್ಮನೊಬ್ಬಳನ್ನು ಕಂಡ ಹಾಗಾಯಿತು. ಮುಂದೆ ಅವಳೂ ಅಂಗಡಿ ಬಿಟ್ಟು ಸತ್ತವನ ಹೆಂಡತಿಯ ಮನೆ ಸೇರಿ ಅಡುಗೆ ಮಾಡುತ್ತಾಳೆ, ಮಗುವನ್ನು ನೋಡಿಕೊಳ್ಳುತ್ತಾಳೆ, ಹೌದು. ಆದರೆ ಬಾಗಿಲು ಹಾಕಿದರೂ ಕೇಳುವವರಿಲ್ಲದ ಅಂಗಡಿ ಅದು ಅಂತ ಬರೆದವರೇ ಮೊದಲೇ ಒಪ್ಪಿಕೊಂಡಿದ್ದಾರೆ. ವ್ಯಾಪಾರ ಇಲ್ಲದ ಮಧ್ಯಾಹ್ನ ಹೇಗಿರುತ್ತದೆ ಎಂಬುದೂ ಅಲ್ಲಿ ಉಂಟು. ಜುಲೈ ತಿಂಗಳ ಮಳೆಗೆ ಬದಿಯಡ್ಕದಲ್ಲಿ ಕೂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಲೆಗಾರ ಯಾರು ಎಂಬ ಸಂಶಯ ನನಗೆ ಮುಗಿಯುವ ಮೊದಲೇ ಬಂದಿತ್ತು. ಅದರಿಂದ ರುಚಿ ಕೆಡಲಿಲ್ಲ.

ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಕಾದಂಬರಿಗಳ ಬೋಟ್ಸ್‌ವಾನಾದ ಮಾ ರಾಮೋಟ್ಸ್ವೆ, ಅಪ್ಪನ ದನಗಳನ್ನು ಮಾರಿ ಪತ್ತೇದಾರಿ ಆಫೀಸು ತೆರೆದವಳು, ಇವರೆಲ್ಲರಿಗಿಂತ ಎತ್ತರದವಳು. ಆದರೆ ಅವಳ ಅಂಗಡಿಯೇ ಪತ್ತೇದಾರಿಕೆ, ಹಾಗಾಗಿ ಈ ಸಾಲಿಗೆ ಸೇರಿಸಲಿಲ್ಲ.

ನನಗೆ ಓದಲಿಕ್ಕೆ ಸಿಗುವುದು ಹರತಾಳದ ದಿನ, ಮತ್ತೆ ಕರೆಂಟು ಹೋದ ಸಂಜೆ. ಜೂನಿನಲ್ಲಿ ಶಾಲೆ ಶುರುವಾದರೆ ಯೂನಿಫಾರ್ಮಿನ ಗೌಜಿಯಲ್ಲಿ ಅದೂ ಇಲ್ಲ. 25 ಪುಸ್ತಕ ದಾಟಿದ ಸರಣಿಗಳನ್ನು ಕಟ್ಟಿಕೊಂಡು ನಾನೇನು ಮಾಡಲಿ? ವೆರಾಳದ್ದು ಒಂದೇ ಪುಸ್ತಕಕ್ಕೆ ಕತೆ ಪೂರ್ತಿ. 2025ರಲ್ಲಿ ಎರಡನೆಯದು ಬಂದಿದೆ, ಓಣಂ ವ್ಯಾಪಾರ ಮುಗಿದ ಮೇಲೆ ನೋಡಬೇಕು. ಸಂಬಳಕ್ಕೆ ಜನ ಇಟ್ಟುಕೊಂಡ, ಕಾಲು ಚಾಚಿ ಕೂರುವ ಪುಣ್ಯವಂತರಾದರೆ ಥಿಯೊಡೋಸಿಯಾಳನ್ನು ಓದಿ. ನನ್ನ ಮೂರು ಪುಸ್ತಕಗಳು ಗಲ್ಲೆಯ ಹಿಂದೆ ಉಂಟು, ಬಂದು ತೆಗೆದುಕೊಂಡು ಹೋಗಬಹುದು. ಒಂದರಿಂದ ಎರಡರವರೆಗೆ ಮಾತ್ರ ಬರಬೇಡಿ. ಊಟಕ್ಕೆ ಹೋಗುವಾಗ ನಾನು ಶಟರ್ ಎಳೆದೇ ಹೋಗುವುದು.